11ನೇ ಕಾಲಂ, 149 ರೂಪಾಯಿ

ತಿಪಟೂರಿನಲ್ಲಿ ಒಬ್ಬ ಪತ್ರ ಬರಹಗಾರರ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷದಿಂದ ಟೈಪ್ ಮಾಡುತ್ತಿದ್ದೇನೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಅಗ್ರಿಮೆಂಟು. ಚೆಕ್ಕುಬಂದಿಯ ‘ಪೂರ್ವಕ್ಕೆ, ಪಶ್ಚಿಮಕ್ಕೆ, ಉತ್ತರಕ್ಕೆ, ದಕ್ಷಿಣಕ್ಕೆ’ ನಿದ್ದೆಗಣ್ಣಲ್ಲೂ ಬೆರಳಿಗೆ ಬರುತ್ತದೆ. ಇಂಥ ಕೆಲಸದಲ್ಲಿದ್ದವಳು ‘ಪಹಣಿ ಓದೋದು ಹೇಗೆ’ ಅಂತ, ಅಂದರೆ ಜಮೀನಿನ ಹಕ್ಕುದಾಖಲೆ ಓದಲು ಕಲಿಸುವ ಒಂದು ಪಿಡಿಎಫ್ ಮಾಡಿ ಮಾರಲು ಹೊರಟೆ ಎಂದರೆ ಅದಕ್ಕೆ ಕಾರಣ ಒಂದು ಜಗಳ.

2023ರ ಬೇಸಿಗೆ. ಬೆಂಗಳೂರಿನಿಂದ ಒಬ್ಬರು ತೆಂಗಿನ ತೋಟ ಕೊಳ್ಳಲು ಬಂದಿದ್ದರು. 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ 79ಎ, 79ಬಿ ಕಲಂಗಳನ್ನು ತೆಗೆದ ಮೇಲೆ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದು ಎಂದಾಯಿತಲ್ಲ, ಆಮೇಲೆ ನಮ್ಮ ಬೆಂಚಿನ ಮೇಲೆ ಇಂಥವರು ಜಾಸ್ತಿ. ಪಾಪ, ಒಳ್ಳೆಯವರೇ. ಲ್ಯಾಪ್‌ಟಾಪ್ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಪಹಣಿಯನ್ನು ಪರೀಕ್ಷೆಯ ಪ್ರಶ್ನೆಪತ್ರಿಕೆಯ ಹಾಗೆ ನೋಡುತ್ತಾರೆ. ಎಕರೆಗೆ ಹದಿನೆಂಟು ಲಕ್ಷ ಅಂತ ಮಾತಾಗಿತ್ತು. ಪಹಣಿಯಲ್ಲಿ ವಿಸ್ತೀರ್ಣ 2.20. ಆತ ಫೋನಿನಲ್ಲಿ 2.20ನ್ನು ಹದಿನೆಂಟರಿಂದ ಗುಣಿಸಿ 39 ಲಕ್ಷ 60 ಸಾವಿರಕ್ಕೆ ಸಿದ್ಧವಾಗಿ ಬಂದಿದ್ದರು. ಎದುರಿಗಿದ್ದ ಗೌಡರು ಬೆರಳು ಮಡಚಿ, “ಎರಡೂವರೆ ಎಕ್ರೆಗೆ ನಲವತ್ತೈದಲ್ವೇನಪ್ಪ?” ಅಂದರು.

ಐದು ಲಕ್ಷ ನಲವತ್ತು ಸಾವಿರದ ವ್ಯತ್ಯಾಸ. ಇವರು ಅವರನ್ನು ಮೋಸಗಾರ ಅಂದುಕೊಂಡರು, ಅವರು ಇವರನ್ನು. ದನಿ ಏರಿತು. ನಾನು ಕೀಬೋರ್ಡು ಬಿಟ್ಟು ಎದ್ದು ಹೇಳಿದೆ: “ಸಾರ್, ಅದು ದಶಮಾಂಶದ ಚುಕ್ಕೆ ಅಲ್ಲ. ಚುಕ್ಕೆಯ ಈಚೆಗಿರೋದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. 2.20 ಅಂದ್ರೆ ಎರಡು ಎಕರೆ ಇಪ್ಪತ್ತು ಗುಂಟೆ, ಎರಡೂವರೆನೇ.” ಆತ ಪಹಣಿಯನ್ನು ಮತ್ತೊಮ್ಮೆ ನೋಡಿದರು. “ಇದನ್ನ ಎಲ್ಲಾದ್ರೂ ಬರೆದಿದ್ದಾರಾ ಮೇಡಂ?” ಅಂದರು. ಕೋಪದಲ್ಲಿ ಅಲ್ಲ, ನಿಜಕ್ಕೂ ತಿಳಿಯಬೇಕು ಅಂತ.

ಬರೆದಿದ್ದಾರೆ, ಬೇಕಾದಷ್ಟು ಕಡೆ. ಆದರೆ ಒಂದು ಕಡೆ ಸಿಗುವುದಿಲ್ಲ. ನಮ್ಮ ಅಣ್ಣ, ಅಂದರೆ ಅಂಗಡಿಯ ಮಾಲೀಕರು, ಸಂಜೆ ಗೊಣಗಿದರು: “ಹೀಗೆ ಒಬ್ಬೊಬ್ರಿಗೂ ಪಾಠ ಹೇಳ್ತಾ ಕೂತ್ರೆ ಪತ್ರ ಯಾವಾಗಮ್ಮ ಮುಗಿಯೋದು?” ಆ ರಾತ್ರಿಯೇ ಬರೆಯಲು ಕೂತೆ.

ಮೊದಲ ಸಲ ಬರೆದದ್ದು 112 ಪುಟ. 1964ರ ಭೂಕಂದಾಯ ಕಾಯ್ದೆಯಿಂದ ಶುರು. 2000ದಿಂದ ಈಚೆಗೆ ಕೈಬರಹದ ಪಹಣಿ ಹೋಗಿ ಭೂಮಿ ತಂತ್ರಾಂಶದ ಪಹಣಿ ಬಂದ ಕಥೆ, ಶಾನುಭೋಗರ ಕಾಲದ ಪದಗಳು, ಏನೇನೋ. ನನಗೆ ಗೊತ್ತಿರುವುದನ್ನೆಲ್ಲ ತೋರಿಸಿಕೊಳ್ಳುವ ಚಪಲ. ತಂಗಿಗೆ ಓದಲು ಕೊಟ್ಟೆ. ಅವಳು ಇಪ್ಪತ್ತನೇ ಪುಟದಲ್ಲಿ ಬೆರಳಿಟ್ಟುಕೊಂಡೇ ಮಲಗಿದ್ದಳು. ಎಬ್ಬಿಸಿದರೆ, “ಅಕ್ಕ, ನಾನು ಜಮೀನು ತಗೊಳೋಕೆ ಹೋದ್ರೆ ಮೊದಲು ಏನು ನೋಡ್ಬೇಕು ಅಷ್ಟು ಹೇಳು” ಅಂದಳು.

ಅಷ್ಟನ್ನೇ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿದೆ. 48 ಪುಟಕ್ಕೆ ಬಂತು. 3ನೇ ಕಾಲಂನ ವಿಸ್ತೀರ್ಣ, ಅದರೊಳಗಿನ ಖರಾಬು. ‘ಎ’ ಖರಾಬು ಎಂದರೆ ಕಲ್ಲುಬಂಡೆಯಂಥ ಸಾಗುವಳಿಗೆ ಬಾರದ್ದು, ಕಂದಾಯ ಇಲ್ಲ, ಆದರೆ ಜಮೀನಿನವರದ್ದೇ. ‘ಬಿ’ ಖರಾಬು ದಾರಿ, ಕಾಲುವೆ, ಹೀಗೆ ಸಾರ್ವಜನಿಕರಿಗೆ ಬಿಟ್ಟದ್ದು. ಅದಕ್ಕೆ ದುಡ್ಡು ಕೊಟ್ಟರೆ ಸರ್ಕಾರದ ಆಸ್ತಿಗೆ ದುಡ್ಡು ಕೊಟ್ಟ ಹಾಗೆ. ಆಮೇಲೆ 9ನೇ ಕಾಲಂನ ಹೆಸರು, 10ರಲ್ಲಿ ಆ ಹೆಸರು ಯಾವ ಮ್ಯುಟೇಶನ್ನಿನಿಂದ, ಅಂದರೆ ಯಾವ ಹಕ್ಕು ಬದಲಾವಣೆಯಿಂದ ಬಂತು ಎನ್ನುವುದು. ಒಂದು ಸರ್ವೆ ನಂಬರಿನಲ್ಲಿ ಭಾಗ ಮಾತ್ರ ಮಾರುವುದಾದರೆ ಆ ಭಾಗವನ್ನು ಅಳೆದು ಗುರುತಿಸಿದ 11ಇ ನಕ್ಷೆ ಬೇಕು ಎನ್ನುವುದು. ಸರ್ಕಾರದಿಂದ ಮಂಜೂರಾದ ಜಮೀನಾದರೆ ಸಾಗುವಳಿ ಚೀಟಿ, ಅಂದರೆ ಮಂಜೂರಾತಿಯ ಪತ್ರ, ಯಾರ ಹೆಸರಿಗಿತ್ತು ಅಂತ ಹಿಂದಕ್ಕೆ ಹೋಗಿ ನೋಡಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದದ್ದನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಲ್ಲಿ ವಾಪಸ್ ಹೋಗುತ್ತದೆ, 2023ರ ತಿದ್ದುಪಡಿಯ ನಂತರ ಕಾಲಮಿತಿಯ ಆಸರೆಯೂ ಇಲ್ಲ. ಈ ಒಂದು ಪುಟಕ್ಕೆ ನಾನು ಆರು ಸಲ ಕೈಹಾಕಿದ್ದೇನೆ. ತಪ್ಪು ಬರೆದರೆ ಹೋಗುವುದು ಇನ್ನೊಬ್ಬರ ಜನ್ಮದ ಗಳಿಕೆ.

11ನೇ ಕಾಲಂಗೆ ಮಾತ್ರ ಆರು ಪುಟ ಕೊಟ್ಟೆ. ‘ಇತರೆ ಹಕ್ಕುಗಳು ಮತ್ತು ಋಣಗಳು’ ಅಂತ ಅದರ ತಲೆಬರಹ. ಬ್ಯಾಂಕಿನ ಸಾಲ, ಸೊಸೈಟಿ ಸಾಲ, ಕೋರ್ಟಿನ ತಡೆಯಾಜ್ಞೆ, ಸರ್ಕಾರದ ಷರತ್ತು ಎಲ್ಲ ಅಲ್ಲೇ ಕೂತಿರುತ್ತವೆ. ಕೊಳ್ಳುವವರು 9ನೇ ಕಾಲಂನಲ್ಲಿ ಹೆಸರು ಸರಿ ಇದೆಯಾ ನೋಡಿ ಪಹಣಿ ಮಡಚಿಬಿಡುತ್ತಾರೆ. ಎರಡು ಅಂಗುಲ ಬಲಕ್ಕೆ ಕಣ್ಣು ಹಾಯಿಸುವುದಿಲ್ಲ. ಹಾಗಂತ 11 ಖಾಲಿ ಇದ್ದರೆ ಸಾಲವೇ ಇಲ್ಲ ಅಂತಲೂ ಅಲ್ಲ. ಇ.ಸಿ., ಅಂದರೆ ಸಬ್ ರಿಜಿಸ್ಟ್ರಾರ್ ಕಚೇರಿಯ ಋಣಭಾರ ಪತ್ರ ತೆಗೆಸಬೇಕು, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಸೆಪ್ಟೆಂಬರಿನ ಹೊತ್ತಿಗೆ ಮುಗಿಯಿತು. ಕೊನೆಗೆ ನಮ್ಮ ತಾಲ್ಲೂಕಿನ ಮಾರ್ಗಸೂಚಿ ಬೆಲೆಗಳ, ಅಂದರೆ ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆಗಳ, ಪಟ್ಟಿಯೊಂದನ್ನು ಹೆಮ್ಮೆಯಿಂದ ಸೇರಿಸಿದ್ದೆ. 2023ರ ಅಕ್ಟೋಬರ್ 1ರಿಂದ ರಾಜ್ಯದಲ್ಲೆಲ್ಲ ಮಾರ್ಗಸೂಚಿ ಬೆಲೆ ಬದಲಾಯಿತು. ಒಂದು ಪ್ರತಿಯೂ ಮಾರುವ ಮೊದಲೇ ನಾಲ್ಕು ಪುಟ ಹಳಸಿದವು. ಕಿತ್ತು ಹಾಕಿದೆ.

ಇನ್ನು ಅಕ್ಷರದ ಪಾಡು. ಅಂಗಡಿಯಲ್ಲಿ ನಾವು ಟೈಪ್ ಮಾಡುವುದು ‘ನುಡಿ’ ತಂತ್ರಾಂಶದಲ್ಲಿ, ಹಳೆಯ ನಮೂನೆಯ ಫಾಂಟಿನಲ್ಲಿ. ಪುಸ್ತಕವನ್ನೂ ಹಾಗೇ ಮಾಡಿದ್ದೆ. ಫೋನಿನಲ್ಲಿ ತೆರೆದರೆ ಚೆನ್ನಾಗಿಯೇ ಕಾಣುತ್ತಿತ್ತು. ಆದರೆ ‘ಖರಾಬು’ ಅಂತ ಹುಡುಕಿದರೆ ಏನೂ ಸಿಗುವುದಿಲ್ಲ. ಒಂದು ಸಾಲು ಕಾಪಿ ಮಾಡಿ ವಾಟ್ಸಾಪಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ ಮೂಡಿದಂಥ ಕಸ. ಯೂನಿಕೋಡಿಗೆ ಬದಲಿಸಿದೆ. ಬದಲಿಸುವಾಗ ಅರ್ಕಾವತ್ತುಗಳು ಜಾಗ ಬಿಟ್ಟು ಓಡಿದವು, ‘ಕಾರ್ಯ’ ಇದ್ದದ್ದು ‘ಕಾಯ’ ಆಗಿ ಕೂತಿತ್ತು. 48 ಪುಟವನ್ನೂ ಗಟ್ಟಿಯಾಗಿ ಓದುತ್ತಾ ತಿದ್ದಿದೆ. ಅಮ್ಮ ಅಡುಗೆಮನೆಯಿಂದ, “ಯಾವ ಪರೀಕ್ಷೆ ಕಟ್ಟಿದ್ಯೇ ಈಗ?” ಅಂತ ಕೇಳಿದರು.

ಬೆಲೆ 99 ರೂಪಾಯಿ ಅಂತ ಇಟ್ಟೆ. ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಕ್ಯೂಆರ್ ಕೋಡ್ ಹಾಕಿದೆ. ಆ ದೀಪಾವಳಿಯಿಂದ ಸಂಕ್ರಾಂತಿಯವರೆಗೆ ಮಾರಾಟವಾದದ್ದು ಹದಿನಾಲ್ಕು. ಅದರಲ್ಲಿ ಒಂಬತ್ತು ಮಂದಿ ನೆಂಟರು, ಪರಿಚಯದವರು. ಒಬ್ಬ ಮಾವ ನೂರು ಕಳಿಸಿ, “ಒಂದು ರೂಪಾಯಿ ಇಟ್ಕೊಳವ್ವ, ಖರ್ಚಿಗಾಯ್ತದೆ” ಅಂದರು. ಅವರು ಇವತ್ತಿಗೂ ಅದನ್ನು ತೆರೆದು ನೋಡಿಲ್ಲ ಎನ್ನುವುದು ನನಗೆ ಗೊತ್ತು.

ಸೋದರಳಿಯನೊಬ್ಬ ಸಣ್ಣ ವಿಡಿಯೋ ಮಾಡು ಅಂತ ಹಿಂದೆ ಬಿದ್ದ. ಮುಖ ತೋರಿಸಲು ನಾಚಿಕೆ. ಕೈ, ಪೆನ್ನು, ಪಹಣಿ ಮಾತ್ರ ಕಾಣುವ ಹಾಗೆ ಒಂದೊಂದು ನಿಮಿಷದ್ದು ಮಾಡಿದೆ. ಏಳೆಂಟು ವಿಡಿಯೋ ಯಾರೂ ಕೇಳಲಿಲ್ಲ. ‘2.20 ಅಂದರೆ ಎಷ್ಟು ಎಕರೆ?’ ಅಂತ ಹಾಕಿದ್ದು ಮಾತ್ರ ಹೇಗೋ ಹಾರಿತು. ಕೆಳಗೆ ಜನ ಕಚ್ಚಾಡಿದರು. ಇದೂ ಗೊತ್ತಿಲ್ಲವಾ ಅಂತ ಹಳ್ಳಿಯವರು, ನಮಗೆ ಯಾರು ಹೇಳಿಕೊಟ್ಟಿದ್ದರು ಅಂತ ಪೇಟೆಯವರು. ಆ ವಾರ ರಾತ್ರಿ ಎರಡು ಗಂಟೆಗೂ ಫೋನು ಟಿಣ್ ಅನ್ನುತ್ತಿತ್ತು. ಎದ್ದು ಪಿಡಿಎಫ್ ಕಳಿಸಿ ಮಲಗುವುದು, ಮತ್ತೆ ಏಳುವುದು. ಹಸುಗೂಸಿನ ಬಾಣಂತಿಯ ಹಾಗೆ.

ಆ ಅವಸರದಲ್ಲೇ ಸುಳ್ಳು ಸ್ಕ್ರೀನ್‌ಶಾಟ್‌ಗಳೂ ಬಂದವು. ಹಣ ಕಳಿಸಿದ್ದೇವೆ ಅಂತ ಹಸಿರು ಟಿಕ್ಕಿನ ಚಿತ್ರ; ಬ್ಯಾಂಕಿನಲ್ಲಿ ನೋಡಿದರೆ ಏನೂ ಇಲ್ಲ. ಒಂದರಲ್ಲಿ ತಾರೀಕೇ ಹಿಂದಿನ ವರ್ಷದ್ದು. 99 ರೂಪಾಯಿಗೆ ಇಷ್ಟು ಕಷ್ಟಪಡುವವರ ಶ್ರದ್ಧೆ ದೊಡ್ಡದು. ಆಮೇಲೆ ಪೇಮೆಂಟ್ ಲಿಂಕ್ ಹಾಕಿಸಿಕೊಂಡೆ: ಹಣ ಬಂದರೆ ಪಿಡಿಎಫ್ ತಾನೇ ಹೋಗುತ್ತದೆ. ಶೇಕಡಾ 2 ಅವರ ಶುಲ್ಕ, ಆ ಶುಲ್ಕದ ಮೇಲೆ ಶೇಕಡಾ 18 ಜಿಎಸ್‌ಟಿ. ಬೆಲೆಯನ್ನು 149ಕ್ಕೆ ಏರಿಸಿದೆ, ಕೈಗೆ 145 ರೂಪಾಯಿ ಚಿಲ್ಲರೆ ಬರುತ್ತದೆ. ನಿದ್ದೆಯೂ ಬರುತ್ತದೆ.

ಕೊಂಡವರು ಅದನ್ನು ಹೇಗೆ ಓದುತ್ತಾರೆ ಎನ್ನುವುದು ನನಗೆ ಹೊಳೆದಿರಲೇ ಇಲ್ಲ. ಫೋನಿನಲ್ಲಿ ಓದುತ್ತಾರೆ ಅಂತ ಅಂದುಕೊಂಡಿದ್ದೆ. ಒಂದು ದಿನ ನಮ್ಮ ಅಂಗಡಿಯ ಪಕ್ಕದ ಜೆರಾಕ್ಸ್ ಹುಡುಗ ಕೂಗಿದ: “ಅಕ್ಕ, ನಿಮ್ಮ ಪುಸ್ತಕ ಇವತ್ತು ಮೂರು ಪ್ರಿಂಟ್ ತೆಗೆದೆ!” ಹೋಗಿ ನೋಡಿದರೆ ಕಪ್ಪುಬಿಳುಪು ಪ್ರಿಂಟು. ನಾನು ಪಹಣಿಯ ಚಿತ್ರದ ಮೇಲೆ ಮುಖ್ಯ ಕಾಲಂಗಳಿಗೆಲ್ಲ ಕೆಂಪು ವೃತ್ತ ಹಾಕಿ, ‘ಕೆಂಪು ವೃತ್ತದಲ್ಲಿರುವುದನ್ನು ಗಮನಿಸಿ’ ಅಂತ ಬರೆದಿದ್ದೆ. ಪ್ರಿಂಟಿನಲ್ಲಿ ಕೆಂಪು ಎಂಬುದು ಪಹಣಿಯ ಗೆರೆಗಳ ಜೊತೆ ಸೇರಿ ಬೂದಿಯಾಗಿತ್ತು. ಓದುವವರು ಯಾವ ವೃತ್ತ ಹುಡುಕಬೇಕು? ಎಲ್ಲವನ್ನೂ ತೆಗೆದು ದಪ್ಪ ಬಾಣ, ಬಾಣದ ತುದಿಗೆ ಅಂಕಿ ಹಾಕಿದೆ. ಬಣ್ಣದ ಹಿನ್ನೆಲೆಗಳನ್ನೂ ತೆಗೆದೆ, ಪುಟಕ್ಕೆ ಮಸಿ ಕುಡಿಯುತ್ತೆ ಅಂತ ಹುಡುಗ ಬೈಯುತ್ತಿದ್ದ. ಎಡಗಡೆ ಪಂಚ್ ಮಾಡಲು ಜಾಗ ಬಿಟ್ಟೆ. ಅಲ್ಲಿಂದಾಚೆಗೆ ನಾನು ಪುಸ್ತಕ ಮಾಡುವುದು ಜೆರಾಕ್ಸ್ ಅಂಗಡಿಗೇ.

ಇನ್ನೊಂದು ತಪ್ಪು ಮಾತ್ರ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮೊದಲ ಆವೃತ್ತಿಯಲ್ಲಿ ಉದಾಹರಣೆಗೆ ಅಂತ ಹಾಕಿದ್ದು ನಿಜವಾದ ಪಹಣಿ. ಪಹಣಿ ಯಾರು ಬೇಕಾದರೂ ನೋಡಬಹುದಾದ ದಾಖಲೆ ತಾನೇ ಅಂತ ಹೆಸರು ಅಳಿಸುವ ಗೊಡವೆಗೆ ಹೋಗಿರಲಿಲ್ಲ. 11ನೇ ಕಾಲಂನಲ್ಲಿ ಸೊಸೈಟಿಯ ಬೆಳೆಸಾಲ ಇತ್ತು, ವಿವರಿಸಲು ಅನುಕೂಲ ಅಂತಲೇ ಅದನ್ನು ಆರಿಸಿದ್ದು. ಒಂದು ಮಧ್ಯಾಹ್ನ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. “ನಮ್ಮಪ್ಪನ ಸಾಲನ ಊರಿಗೆಲ್ಲ ತೋರಿಸ್ಕೊಂಡು ದುಡ್ಡು ಮಾಡ್ತಿದೀರಾ ಮೇಡಂ?” ಏರಿದ ದನಿಯಲ್ಲ, ಮೆತ್ತಗೆ ಕೇಳಿದಳು. ಕಾನೂನಿನ ಮಾತು ಬಾಯಿಗೆ ಬಂತು, ನುಂಗಿಕೊಂಡೆ. ಅವತ್ತೇ ಮಾರಾಟ ನಿಲ್ಲಿಸಿ, ಸರ್ವೆ ನಂಬರ್ 000, ಮಾಲೀಕರು ‘ಕ’ ಬಿನ್ ‘ಖ’ ಅಂತ ಒಂದು ಪಹಣಿಯನ್ನು ನಾನೇ ಗೆರೆ ಎಳೆದು ತಯಾರಿಸಿದೆ. ಅಷ್ಟರಲ್ಲಿ ಹಳೆಯದು ಮುನ್ನೂರಕ್ಕೂ ಹೆಚ್ಚು ಜನರ ಕೈಯಲ್ಲಿತ್ತು. ಅದನ್ನು ವಾಪಸ್ ತರಲು ದಾರಿಯಿಲ್ಲ. ಅವರ ಮನೆಗೆ ಹೋಗಿ ಬಂದೆ. ಕಾಫಿ ಕೊಟ್ಟರು. ಯಜಮಾನರು ಸಾಲದ ಮಾತೇ ಎತ್ತಲಿಲ್ಲ, ತೆಂಗಿಗೆ ಬಿದ್ದ ಬಿಳಿನೊಣದ ಬಗ್ಗೆ ಮಾತಾಡಿದರು.

ನಕಲಿನ ವಿಷಯ. ಒಂದು ಬೆಳಿಗ್ಗೆ ನಮ್ಮ ಚಿಕ್ಕಪ್ಪನ ಮಗ ನನಗೇ ನನ್ನ ಪಿಡಿಎಫ್ ಕಳಿಸಿದ, ‘ತುಂಬಾ ಉಪಯುಕ್ತ ಮಾಹಿತಿ, ಎಲ್ಲರಿಗೂ ಶೇರ್ ಮಾಡಿ’ ಎಂಬ ಒಕ್ಕಣೆ ಸಮೇತ. ಮೇಲೆ ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಜೋಡಿ ಬಾಣದ ಗುರುತು. ಮೊದಲ ಪುಟದಲ್ಲಿ ನನ್ನ ಹೆಸರು ಇದ್ದದ್ದನ್ನೂ ನೋಡಿಲ್ಲ ಆಸಾಮಿ. ಎರಡು ದಿನ ಊಟ ಸೇರಲಿಲ್ಲ. ಹಕ್ಕುಸ್ವಾಮ್ಯ ನೋಂದಣಿಗೆ 500 ರೂಪಾಯಿ ಅಂತ ಗೊತ್ತು, ಮಾಡಿಸಲಿಲ್ಲ. ಅದನ್ನು ಹಿಡಿದುಕೊಂಡು ಯಾವ ಗುಂಪಿನ ಮೇಲೆ ಕೇಸು ಹಾಕಲಿ? ಬದಲಿಗೆ ಅಂಗಡಿಯಲ್ಲಿ ನೋಟಿಸುಗಳಿಗೆ ಬಳಸುವ, ಒಂದೇ ಕಾಗದದ ಪ್ರತಿ ಪ್ರತಿಯಲ್ಲೂ ಬೇರೆ ಬೇರೆ ವಿವರ ತುಂಬುವ ಮೇಲ್ ಮರ್ಜ್ ನೆನಪಾಯಿತು. ಕೊಂಡವರ ಊರು, ಫೋನಿನ ಕೊನೆಯ ನಾಲ್ಕು ಅಂಕಿ ಪ್ರತಿ ಪುಟದ ಅಡಿಯಲ್ಲಿ ಬರುವ ಹಾಗೆ ಮಾಡಿದೆ. ಪೇಮೆಂಟ್ ಲಿಂಕಿನಿಂದ ತಾನೇ ಹೋಗುವ ಸುಖ ತಪ್ಪಿತು, ದಿನಕ್ಕೆರಡು ಸಲ ಕೂತು ಕಳಿಸಬೇಕಾಯಿತು. ಹಂಚುವುದು ಪೂರ್ತಿ ನಿಲ್ಲಲಿಲ್ಲ, ಕಡಿಮೆಯಾಯಿತು. ತನ್ನ ನಂಬರಿನ ತುದಿ ಇರುವ ಕಾಗದವನ್ನು ಗುಂಪಿಗೆ ಹಾಕಲು ಜನ ಒಂದು ಕ್ಷಣ ಯೋಚಿಸುತ್ತಾರೆ.

ದುಡ್ಡಿನ ಲೆಕ್ಕ ಕೇಳುವವರಿದ್ದಾರೆ. ‘ಮಲಗಿದ್ದಾಗಲೂ ಸಂಪಾದನೆ’ ಅಂತ ಜಾಹೀರಾತು ನೋಡಿ ಬಂದವರು. ಎರಡು ವರ್ಷಕ್ಕೆ ಸುಮಾರು 1,140 ಪ್ರತಿ ಹೋಗಿದೆ, ಒಟ್ಟು ಒಂದು ಲಕ್ಷ ಅರವತ್ತಾರು ಸಾವಿರ ಚಿಲ್ಲರೆ. ಸರಾಸರಿ ಹಾಕಿದರೆ ತಿಂಗಳಿಗೆ ಏಳು ಸಾವಿರ. ಆದರೆ ಸರಾಸರಿ ಎಂಬುದು ಸುಳ್ಳು: ವಿಡಿಯೋ ಹಾರಿದ ಒಂದು ತಿಂಗಳು 41 ಸಾವಿರ ಬಂತು, ಆಷಾಢದಲ್ಲಿ 1,200. ಜಿಎಸ್‌ಟಿ ನೋಂದಣಿಯ 20 ಲಕ್ಷದ ಗಡಿ ನನ್ನ ಕನಸಿಗೂ ದೂರ. ಆದಾಯ ತೆರಿಗೆ ರಿಟರ್ನಿನಲ್ಲಿ ಮಾತ್ರ ಪ್ರತಿ ವರ್ಷ ತೋರಿಸುತ್ತೇನೆ. ಮಲಗಿದ್ದಾಗ ಬಂದದ್ದು ಫೋನ್ ಕರೆಗಳು. “ಮೇಡಂ, ನಮ್ಮ ಪಹಣಿ ಕಳಿಸ್ತೀನಿ, ಸ್ವಲ್ಪ ನೋಡಿ ಹೇಳಿ.” ಮೊದಲು ಸುಮ್ಮನೆ ಹೇಳುತ್ತಿದ್ದೆ. ಈಗ ಅರ್ಧ ಗಂಟೆಗೆ 300 ರೂಪಾಯಿ. ಯಾವ ಕಾಲಂನಲ್ಲಿ ಏನಿದೆ, ಯಾವ ಕಾಗದ ತರಿಸಬೇಕು, ಇಷ್ಟೇ. ಕೊಳ್ಳಿ, ಬೇಡ ಎನ್ನುವುದಿಲ್ಲ. ನಾನು ವಕೀಲೆಯಲ್ಲ, ಅಂಥದ್ದು ಬಂದರೆ ವಕೀಲರ ಹತ್ತಿರ ಕಳಿಸುತ್ತೇನೆ. ನಿಜ ಹೇಳಬೇಕೆಂದರೆ ಈ ವರ್ಷ ಪಿಡಿಎಫ್‌ಗಿಂತ ಅದರಿಂದಲೇ ಹೆಚ್ಚು ಬಂದಿದೆ.

2025ರ ಗಣೇಶನ ಹಬ್ಬ ಮುಗಿದ ವಾರ ಗದಗಿನ ಕಡೆಯಿಂದ ಒಬ್ಬರ ಫೋನ್ ಬಂತು. “ಅಕ್ಕಾರ, ನಿಮ್ಮ ಪುಸ್ತಕದಾಗ ನೋಂದಣಿ ಫೀ ಒಂದ ಪರ್ಸೆಂಟ್ ಅಂತ ಐತಿ. ಇಲ್ಲಿ ಎರಡು ಕೇಳಾಕತ್ಯಾರ. ಯಾವುದು ಖರೇರಿ?” ಆಗಸ್ಟ್ 31ರಿಂದ ಶುಲ್ಕ ಎರಡಾಗಿತ್ತು. ನಮ್ಮ ಅಂಗಡಿಯಲ್ಲಿ ಸೋಮವಾರ ಬೆಳಿಗ್ಗೆಯೇ ಅದರ ಗಲಾಟೆ ನೋಡಿದ್ದೆ, ಹೊಸ ಲೆಕ್ಕದಲ್ಲೇ ಪತ್ರ ಮಾಡಿದ್ದೆ. ಆದರೂ ನನ್ನ 31ನೇ ಪುಟ ನೆನಪಾಗಿರಲಿಲ್ಲ! ಹತ್ತು ಲಕ್ಷದ ಜಮೀನಿಗೆ ಮುದ್ರಾಂಕ 50,000, ಸೆಸ್ 5,000, ಹಳ್ಳಿಯಾದರೆ ಸರ್‌ಚಾರ್ಜ್ 1,500, ನೋಂದಣಿ 10,000, ಒಟ್ಟು 66,500 ಅಂತ ಅಲ್ಲಿ ಚಂದವಾಗಿ ಪಟ್ಟಿ ಹಾಕಿದ್ದೆ. ಈಗ ಅದು 76,500. ಆ ಮನುಷ್ಯ ನನ್ನ ಪಟ್ಟಿಯನ್ನು ನಂಬಿ ಅಷ್ಟೇ ಹಣ ಹೊಂದಿಸಿಕೊಂಡು ಹೋಗಿದ್ದರು. “ನಿಮ್ದೇನ್ ತಪ್ಪರಿ, ಸರ್ಕಾರ ಏರಿಸೈತಿ” ಅಂತ ಅವರೇ ಸಮಾಧಾನ ಹೇಳಿದರು. ತಪ್ಪು ನನ್ನದೇ.

ತಿದ್ದಿದ ಪುಟವನ್ನು ಎಲ್ಲರಿಗೂ ಕಳಿಸಬೇಕು ಅಂತ ಕೂತೆ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನ ಮಾತ್ರ. ಅದೂ ನಮ್ಮ ನಂಬರನ್ನು ಉಳಿಸಿಕೊಂಡವರಿಗಷ್ಟೇ ಹೋಗುತ್ತದೆ. ಪಹಣಿ ಪುಸ್ತಕದವಳ ನಂಬರು ಯಾರು ಉಳಿಸಿಕೊಳ್ಳುತ್ತಾರೆ? ಒಬ್ಬೊಬ್ಬರಿಗೇ ಕಳಿಸಿದೆ, ಮೂರು ರಾತ್ರಿ. ಈಗ ಮೊದಲ ಪುಟದಲ್ಲೇ ‘ಇಂಥ ತಾರೀಕಿನವರೆಗೆ ಸರಿಯಾದದ್ದು’ ಅಂತ ದಪ್ಪಕ್ಷರದಲ್ಲಿ ಹಾಕುತ್ತೇನೆ. ಹಾಲಿನ ಪ್ಯಾಕೆಟ್ಟಿನ ಹಾಗೆ.

ಮೊನ್ನೆ ಅಂಗಡಿಗೆ ಸ್ವಲ್ಪ ತಡವಾಗಿ ಹೋದೆ. ಅಣ್ಣ ಒಬ್ಬ ಗಿರಾಕಿಯನ್ನು ಎದುರಿಗೆ ಕೂರಿಸಿಕೊಂಡು ಜೆರಾಕ್ಸ್ ಕಟ್ಟೊಂದನ್ನು ತಿರುವಿಹಾಕುತ್ತಿದ್ದರು. “ನೋಡಿ ಸ್ವಾಮಿ, ಬಾಣ ನಾಲ್ಕು, 11ನೇ ಕಾಲಂ” ಅಂತ ನನ್ನದೇ ಮಾತಿನಲ್ಲಿ ಪಾಠ. ಹಿಂದೆ ನಿಂತು ಬಗ್ಗಿ ನೋಡಿದೆ. ಪುಟದ ಅಡಿಯಲ್ಲಿ ‘ಅರಸೀಕೆರೆ’, ಅದರ ಪಕ್ಕ ಯಾರದೋ ನಾಲ್ಕು ಅಂಕಿ.

“ಎಲ್ಲಿಂದ ಬಂತಣ್ಣ ಇದು?”

“ಯಾರೋ ಕೊಟ್ರಮ್ಮ. ಚೆನ್ನಾಗಿದೆ ಕಣೆ” ಅಂದರು, ನನ್ನ ಮುಖ ನೋಡದೆ.

ಅವರ ಕೈಯಿಂದ ಕಟ್ಟನ್ನು ತೆಗೆದುಕೊಂಡು 31ನೇ ಪುಟ ತಿರುಗಿಸಿದೆ. ಹಳೆಯದೇ. ಮೇಜಿನ ಮೇಲಿದ್ದ ಪೆನ್ನಿನಿಂದ 1 ಹೊಡೆದು 2 ಮಾಡಿ, ಕೆಳಗಿನ ಮೊತ್ತ ತಿದ್ದಿ ವಾಪಸ್ ಕೊಟ್ಟೆ.